ಅಂಕಿಯಲ್ಲಿ ಗುಟ್ಟು: ಸಂಖ್ಯಾ ಸಂಕೇತ ಕಟ್ಟುವುದು, ಒಡೆಯುವುದು, ಕಾಪಾಡುವುದು

ನಾಲ್ಕು ಅಂಕಿ ಒತ್ತಿದರೆ ಎಟಿಎಂ ದುಡ್ಡು ಕೊಡುತ್ತದೆ. ಆರು ಅಂಕಿ ಬಾಯಿಬಿಟ್ಟು ಹೇಳಿದರೆ ಖಾತೆ ಖಾಲಿಯಾಗುತ್ತದೆ. ಕರ್ನಾಟಕ ಸಂಗೀತ ಕಲಿತವರು ಮೇಳಕರ್ತ ರಾಗದ, ಅಂದರೆ 72 ಮೂಲ ರಾಗಗಳಲ್ಲಿ ಒಂದರ, ಹೆಸರಿನ ಮೊದಲ ಎರಡು ಅಕ್ಷರ ನೋಡಿ ಅದು ಎಷ್ಟನೇ ಮೇಳ ಅಂತ ಹೇಳಿಬಿಡುತ್ತಾರೆ. ಇವೆಲ್ಲವೂ ಅಂಕಿಯ ಸಂಕೇತಗಳೇ. ಆದರೆ ಒಂದೊಂದು ಕೆಲಸ ಮಾಡುವ ರೀತಿ ಬೇರೆ, ಕೈಕೊಡುವ ರೀತಿಯೂ ಬೇರೆ.

ಇದನ್ನು ಓದಿ ಬಿಡುವುದಕ್ಕಿಂತ ಮಾಡಿ ನೋಡಿ. ಒಂದು ಪೆನ್ನು, ಒಂದು ಚೌಕುಳಿ ಹಾಳೆ ಸಾಕು. ಕೊನೆ ಮುಟ್ಟುವ ಹೊತ್ತಿಗೆ ಊರ ಹೆಸರನ್ನು ಅಂಕಿಯಾಗಿ ಓದುವುದು, ಊಹಿಸಲಾಗದ ಪಿನ್ ಆರಿಸಿ ನೆನಪಿಡುವುದು, ಕನ್ನಡ ವಾಕ್ಯವನ್ನು ಬರೀ ಅಂಕಿಯಲ್ಲಿ ಬಚ್ಚಿಡುವುದು ನಿಮ್ಮ ಕೈಗೆ ಬಂದಿರುತ್ತದೆ. ದಾರಿಯುದ್ದಕ್ಕೂ ಒಂದು ಮಾತನ್ನು ಮತ್ತೆ ಮತ್ತೆ ಪರೀಕ್ಷಿಸೋಣ. ಆಗಸ್ಟ್ ಕೆರ್ಕಾಫ್ಸ್ ಎಂಬ ಭಾಷಾ ಅಧ್ಯಾಪಕ 1883ರಲ್ಲೇ ಅದನ್ನು ಬರೆದಿದ್ದ: ವಿಧಾನ ಶತ್ರುವಿಗೆ ಗೊತ್ತಾದರೂ ತೊಂದರೆ ಆಗಬಾರದು, ಗುಟ್ಟೆಲ್ಲ ಕೀಲಿಯಲ್ಲಿ, ಅಂದರೆ ಬಿಡಿಸಲು ಬೇಕಾದ ಗುಟ್ಟಿನ ಅಂಕಿಯಲ್ಲಿ, ಇರಬೇಕು.

ಮೊದಲು ಕೇಳಿಕೊಳ್ಳಿ: ಈ ಅಂಕಿ ಯಾವ ಕೆಲಸಕ್ಕೆ?

ಕೆಲವು ಅಂಕಿಗಳು ಮಾತನ್ನು ಚಿಕ್ಕದು ಮಾಡಲು ಇರುತ್ತವೆ. ತಂತಿ ಕಾಲದಲ್ಲಿ ಅಂಚೆ ಕಚೇರಿಯಲ್ಲಿ ಶುಭಾಶಯದ ವಾಕ್ಯಗಳ ಪಟ್ಟಿ ಇರುತ್ತಿತ್ತು. ಒಂದೊಂದು ವಾಕ್ಯಕ್ಕೆ ಒಂದೊಂದು ನಂಬರು. ಮದುವೆಗೆ ಹಾರೈಸಬೇಕಾದರೆ ಆ ನಂಬರು ಬರೆದುಕೊಟ್ಟರೆ ಸಾಕು, ಆ ಕಡೆಯ ಕಚೇರಿಯಲ್ಲಿ ಪೂರ್ತಿ ವಾಕ್ಯ ಬರೆದು ತಲುಪಿಸುತ್ತಿದ್ದರು. 2013ರ ಜುಲೈನಲ್ಲಿ ನಮ್ಮ ದೇಶದ ತಂತಿ ಸೇವೆ ನಿಂತಿತು, ಅದರ ಜೊತೆ ಆ ಪಟ್ಟಿಯೂ ಹೋಯಿತು. ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವ ಹ್ಯಾಮ್ ರೇಡಿಯೋದವರು ಇವತ್ತಿಗೂ ಮಾತು ಮುಗಿಸುವಾಗ 73 ಅನ್ನುತ್ತಾರೆ, ಅಂದರೆ ಶುಭ ಹಾರೈಕೆ. ಇದರಲ್ಲಿ ಗುಟ್ಟೇನೂ ಇಲ್ಲ. ಪಟ್ಟಿ ಎಲ್ಲರ ಕೈಯಲ್ಲೂ ಇರುತ್ತದೆ, ಇರಲೇಬೇಕು.

ಕೆಲವು ಅಂಕಿಗಳು ತಪ್ಪು ಹಿಡಿಯಲು ಇರುತ್ತವೆ. ಆಧಾರ್‌ನ 12 ಅಂಕಿಯಲ್ಲಿ ಕೊನೆಯದು ಹಾಗೆ. ಮೊದಲಿನ 11 ಅಂಕಿಗಳಿಂದ ಲೆಕ್ಕ ಹಾಕಿ ಅದನ್ನು ಇಟ್ಟಿರುತ್ತಾರೆ. ನೀವು ಬರೆಯುವಾಗ ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಅಂಕಿ ಅದಲು ಬದಲಾದರೂ ಲೆಕ್ಕ ತಾಳೆಯಾಗುವುದಿಲ್ಲ. ಇದೂ ಗುಟ್ಟಲ್ಲ.

ಉಳಿದದ್ದು ಎರಡು ಕೆಲಸ. ಒಂದು, ‘ನಾನೇ ಬಂದಿದ್ದೇನೆ’ ಅಂತ ತೋರಿಸುವುದು. ಪಿನ್, ಒಟಿಪಿ ಇದಕ್ಕೆ. ಇನ್ನೊಂದು, ಮಾತನ್ನು ಬಚ್ಚಿಡುವುದು. ಗುಟ್ಟು ಬೇಕಾಗುವುದು ಈ ಎರಡಕ್ಕೆ ಮಾತ್ರ. ಜನ ಎಡವುವುದೂ ಇಲ್ಲೇ. ಹುಟ್ಟಿದ ದಿನಾಂಕ, ಗಾಡಿ ನಂಬರು, ಮೊಬೈಲಿನ ಕೊನೆಯ ನಾಲ್ಕು ಅಂಕಿ ಇವೆಲ್ಲ ಗುರುತಿನ ಅಂಕಿಗಳು, ಹತ್ತು ಜನಕ್ಕೆ ಗೊತ್ತಿರುವಂಥವು. ಅವನ್ನೇ ಕೀಲಿ ಮಾಡಿಕೊಂಡರೆ ಬೀಗ ಹಾಕಿಯೂ ಹಾಕದ ಹಾಗೆ.

ಹೆಜ್ಜೆ 1: ಕಟಪಯಾದಿ ಕಲಿಯಿರಿ

ನಮ್ಮಲ್ಲೇ ಇರುವ ಹಳೆಯ, ಅಂದವಾದ ಸಂಖ್ಯಾ ಸಂಕೇತ ಇದು. ಗಣಿತ, ಜ್ಯೋತಿಷ, ಸಂಗೀತ ಎಲ್ಲ ಕಡೆ ಬಳಕೆಯಾಗಿದೆ. ಪ್ರತಿ ವ್ಯಂಜನಕ್ಕೂ ಒಂದು ಅಂಕಿ. ಕ, ಟ, ಪ, ಯ ನಾಲ್ಕೂ 1ರಿಂದ ಶುರುವಾಗುತ್ತವೆ, ಹೆಸರೂ ಅದರಿಂದಲೇ ಬಂತು. ಹಾಳೆಯಲ್ಲಿ ಹೀಗೆ ಬರೆದುಕೊಳ್ಳಿ:

1: ಕ, ಟ, ಪ, ಯ
2: ಖ, ಠ, ಫ, ರ
3: ಗ, ಡ, ಬ, ಲ
4: ಘ, ಢ, ಭ, ವ
5: ಙ, ಣ, ಮ, ಶ
6: ಚ, ತ, ಷ
7: ಛ, ಥ, ಸ
8: ಜ, ದ, ಹ
9: ಝ, ಧ, ಳ
0: ಞ, ನ, ಮತ್ತು ಒಂಟಿಯಾಗಿ ನಿಂತ ಸ್ವರ

ನಿಯಮ ಕೆಲವೇ. ಗುಣಿತಾಕ್ಷರಕ್ಕೆ ಲೆಕ್ಕವಿಲ್ಲ, ಕ ಆದರೂ ಕೀ ಆದರೂ ಕೊ ಆದರೂ 1. ಒತ್ತಕ್ಷರ ಬಂದರೆ ಕೊನೆಯ ವ್ಯಂಜನ ಹಿಡಿಯಿರಿ. ಸೊನ್ನೆ, ಅಂದರೆ ಅನುಸ್ವಾರ, ಬಿಟ್ಟುಬಿಡಿ. ಸ್ವರವಿಲ್ಲದ ಅರ್ಧಾಕ್ಷರವನ್ನೂ ಬಿಡಿ.

ಊರ ಹೆಸರುಗಳ ಮೇಲೆ ಕೈ ಪಳಗಿಸಿಕೊಳ್ಳಿ. ಮಡಿಕೇರಿ: ಮ 5, ಡ 3, ಕ 1, ರ 2, ಒಟ್ಟಿಗೆ 5312. ಬೆಳಗಾವಿ 3934. ತುಮಕೂರು 6512. ಉಡುಪಿಯಲ್ಲಿ ಮೊದಲು ಒಂಟಿ ಸ್ವರ ಇದೆ, ಹಾಗಾಗಿ 031. ಮಂಡ್ಯದಲ್ಲಿ ಸೊನ್ನೆ ಬಿಟ್ಟು, ‘ಡ್ಯ’ದಲ್ಲಿ ಯ ಹಿಡಿದರೆ 51. ಬೀದರ್‌ನಲ್ಲಿ ಕೊನೆಯ ರ್‌ಗೆ ಸ್ವರವಿಲ್ಲ, ಆದ್ದರಿಂದ ಬರೀ 38. ಚಿಕ್ಕಮಗಳೂರು ಪೂರಾ ಆರಂಕಿ ಕೊಡುತ್ತದೆ: 615392. ನಿಮ್ಮ ಊರಿನದು ಎಷ್ಟು ಅಂತ ಈಗಲೇ ಬರೆದು ನೋಡಿ.

ಮೇಳಕರ್ತ ರಾಗಗಳಿಗೆ ಬಂದರೆ ಇನ್ನೊಂದು ನಿಯಮ ಸೇರುತ್ತದೆ. ಮೊದಲ ಎರಡು ಅಕ್ಷರದ ಅಂಕಿ ತೆಗೆದುಕೊಂಡು ತಿರುಗಿಸಿ ಓದಬೇಕು. ಮಾಯಾಮಾಳವಗೌಳ: ಮ 5, ಯ 1, ತಿರುಗಿಸಿದರೆ 15. ಅದು 15ನೇ ಮೇಳ. ಧೀರಶಂಕರಾಭರಣ: 9, 2, ತಿರುಗಿಸಿದರೆ 29. ಮೇಚಕಲ್ಯಾಣಿ: 5, 6, ತಿರುಗಿಸಿದರೆ 65. ಶಂಕರಾಭರಣಕ್ಕೆ ‘ಧೀರ’ ಅಂತ, ಕಲ್ಯಾಣಿಗೆ ‘ಮೇಚ’ ಅಂತ ಮುಂದೆ ಸೇರಿಸಿದ್ದೇ ಈ ಲೆಕ್ಕ ಕೂಡಿಸಲು.

ಆ ನಂಬರು ಸಿಕ್ಕರೆ ರಾಗದ ಸ್ವರಗಳೇ ಸಿಗುತ್ತವೆ ಅನ್ನುವುದು ನನಗೆ ಇದರಲ್ಲಿ ಬಹಳ ಇಷ್ಟದ ಸಂಗತಿ. ಒಟ್ಟು 72 ಮೇಳ, ಆರಾರರಂತೆ 12 ಚಕ್ರ. 36ರವರೆಗೆ ‘ಮ’ ಸ್ವರದ ತಗ್ಗಿನ ಬಗೆ, ಅಂದರೆ ಶುದ್ಧ ಮಧ್ಯಮ; 37ರಿಂದ ಅದರ ಏರಿದ ಬಗೆ, ಅಂದರೆ ಪ್ರತಿ ಮಧ್ಯಮ. 29 ಅಂದರೆ ಐದನೇ ಚಕ್ರದ ಐದನೇ ರಾಗ. ಎಷ್ಟನೇ ಚಕ್ರ ಅನ್ನುವುದು ರಿಷಭ, ಗಾಂಧಾರಗಳನ್ನು (ರಿ, ಗ) ಹೇಳುತ್ತದೆ: ಐದನೆಯದರಲ್ಲಿ ಚತುಶ್ರುತಿ ರಿಷಭ, ಅಂತರ ಗಾಂಧಾರ. ಚಕ್ರದೊಳಗೆ ಎಷ್ಟನೆಯದು ಅನ್ನುವುದು ಧೈವತ, ನಿಷಾದಗಳನ್ನು (ದ, ನಿ) ಹೇಳುತ್ತದೆ: ಚತುಶ್ರುತಿ ಧೈವತ, ಕಾಕಲಿ ನಿಷಾದ. ಶಂಕರಾಭರಣ ತಯಾರಾಯಿತು! 29ಕ್ಕೆ 36 ಕೂಡಿಸಿ, 65 ಬಂತು. ಉಳಿದ ಸ್ವರ ಹಾಗೇ ಇಟ್ಟು ಮಧ್ಯಮ ಮಾತ್ರ ಬದಲಿಸಿದರೆ ಕಲ್ಯಾಣಿ. ಎರಡೇ ಅಕ್ಷರದಲ್ಲಿ ಇಷ್ಟೂ ತುಂಬಿಟ್ಟವರ ಬುದ್ಧಿಗೆ ಕೈ ಮುಗಿಯಬೇಕು.

ಒಂದು ಎಚ್ಚರಿಕೆ. ಚಕ್ರವಾಕದಲ್ಲಿ ‘ಕ್ರ’ಕ್ಕೆ ರ ಹಿಡಿದರೆ 26 ಬರುತ್ತದೆ, ಅದು ಚಾರುಕೇಶಿಯ ಜಾಗ. ಅಲ್ಲಿ ಕ ಹಿಡಿದು 16 ಅಂತ ಓದಬೇಕು. ಹೀಗೆ ಒತ್ತಕ್ಷರದ ನಿಯಮ ಮೀರುವ ಕೆಲವು ರಾಗಗಳಿವೆ, ಅವನ್ನು ಬೇರೆಯಾಗಿ ನೆನಪಿಡಬೇಕು.

ಕಟಪಯಾದಿ ಗುಟ್ಟಿನ ಲಿಪಿ ಅಲ್ಲ. ಪಟ್ಟಿ ಗೊತ್ತಿರುವ ಯಾರು ಬೇಕಾದರೂ ಓದಬಹುದು. ಆದರೆ ಅಂಕಿಯನ್ನು ಮಾತಾಗಿಸಿ ನೆನಪಿಡುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ. ಮೂರನೇ ಹೆಜ್ಜೆಯಲ್ಲಿ ಅದು ಕೆಲಸಕ್ಕೆ ಬರುತ್ತದೆ.

ಹೆಜ್ಜೆ 2: ನಾಲ್ಕಂಕಿಯ ಊಹೆಯ ಆಟ ಆಡಿ

ಪಿನ್ ಬಗ್ಗೆ ಮಾತಾಡುವ ಮೊದಲು ಊಹೆ ಹೇಗೆ ಕೆಲಸ ಮಾಡುತ್ತದೆ ಅಂತ ಕೈಯಾರೆ ನೋಡಬೇಕು. ಇಂಗ್ಲಿಷಿನಲ್ಲಿ ಈ ಆಟಕ್ಕೆ ಬುಲ್ಸ್ ಆ್ಯಂಡ್ ಕೌಸ್ ಅಂತ ಹೆಸರು. ಇಬ್ಬರು ಸಾಕು. ಒಬ್ಬರು ನಾಲ್ಕು ಬೇರೆ ಬೇರೆ ಅಂಕಿಯ ಸಂಖ್ಯೆ ಬರೆದು ಮುಚ್ಚಿಡಬೇಕು. ಇನ್ನೊಬ್ಬರು ಊಹೆ ಹೇಳಬೇಕು. ಪ್ರತಿ ಊಹೆಗೂ ಎರಡು ಉತ್ತರ: ಎಷ್ಟು ಅಂಕಿ ಸರಿಯಾದ ಜಾಗದಲ್ಲಿವೆ, ಎಷ್ಟು ಅಂಕಿ ಇವೆ ಆದರೆ ಜಾಗ ತಪ್ಪಿದೆ.

ಸಾಧ್ಯವಿರುವ ಸಂಖ್ಯೆಗಳು 10 × 9 × 8 × 7, ಅಂದರೆ 5040. ಅಷ್ಟಿದ್ದರೂ ಜಾಣತನದಿಂದ ಆಡಿದರೆ ಏಳು ಊಹೆಯೊಳಗೆ ಯಾವ ಸಂಖ್ಯೆಯನ್ನಾದರೂ ಹಿಡಿಯಬಹುದು.

ಶುರು 1234ರಿಂದ ಮಾಡಿ, ಮುಂದಿನದು 5678. ಮೊದಲನೆಯದಕ್ಕೆ ಒಟ್ಟು ಒಂದು, ಎರಡನೆಯದಕ್ಕೆ ಒಟ್ಟು ಎರಡು ಅಂತ ಬಂದರೆ ಮೂರು ಅಂಕಿ ಸಿಕ್ಕವು, ನಾಲ್ಕನೆಯದು 9 ಅಥವಾ 0 ಆಗಲೇಬೇಕು. ಆಮೇಲೆ ಹೇಳುವ ಪ್ರತಿ ಊಹೆಯೂ ಹಿಂದಿನ ಎಲ್ಲ ಉತ್ತರಕ್ಕೂ ಹೊಂದುವಂತಿರಲಿ. ಹೊಂದದ ಊಹೆಯೇ ಉತ್ತರವಾಗುವ ಸಾಧ್ಯತೆ ಇಲ್ಲ. ‘ಒಂದೂ ಇಲ್ಲ’ ಅಂತ ಉತ್ತರ ಬಂದರೆ ಮಕ್ಕಳು ಮುಖ ಸಪ್ಪೆ ಮಾಡಿಕೊಳ್ಳುತ್ತಾರೆ. ನಿಜವಾಗಿ ಅದೇ ದೊಡ್ಡ ಸುಳಿವು. 1234ಕ್ಕೆ ಒಂದೂ ಇಲ್ಲ ಅಂದರೆ ಉಳಿದದ್ದು ಆರೇ ಅಂಕಿ. 6 × 5 × 4 × 3, ಬರೀ 360 ಸಂಖ್ಯೆ.

ಈ ಆಟದ ಪಾಠ ಇಷ್ಟು: ಪ್ರತಿ ಊಹೆಗೂ ಸುಳಿವು ಸಿಕ್ಕರೆ ಗುಟ್ಟು ಬೇಗ ಬಯಲಾಗುತ್ತದೆ. ಒಳ್ಳೆಯ ಬೀಗ ಸುಳಿವು ಕೊಡುವುದಿಲ್ಲ. ಎಟಿಎಂ ‘ತಪ್ಪು’ ಅನ್ನುತ್ತದೆ ಅಷ್ಟೇ, ‘ಮೂರು ಅಂಕಿ ಸರಿ, ನಾಲ್ಕನೆಯದು ತಪ್ಪು’ ಅನ್ನುವುದಿಲ್ಲ. ಅಗ್ಗದ ಸೂಟ್‌ಕೇಸ್ ಬೀಗ ಹಾಗಲ್ಲ. ಕೊಂಡಿಯನ್ನು ಸ್ವಲ್ಪ ಎಳೆದು ಹಿಡಿದು ಒಂದೊಂದೇ ಚಕ್ರ ತಿರುಗಿಸಿದರೆ ಸರಿಯಾದ ಅಂಕಿಯ ಹತ್ತಿರ ಬೆರಳಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಆಗ ಮೂರು ಚಕ್ರದ ಬೀಗಕ್ಕೆ 10 × 10 × 10, ಅಂದರೆ 1000 ಸಲ ಪ್ರಯತ್ನ ಬೇಕಿಲ್ಲ. 10 + 10 + 10, ಅಂದರೆ 30 ಸಾಕು. ಸುಳಿವು ಗುಣಾಕಾರವನ್ನು ಸಂಕಲನ ಮಾಡಿಬಿಡುತ್ತದೆ. ಸುಳಿವೇ ಕೊಡದಿದ್ದರೂ ಒಂದು ಪ್ರಯತ್ನಕ್ಕೆ ಎರಡು ಸೆಕೆಂಡ್ ಅಂತಿಟ್ಟುಕೊಳ್ಳಿ, ಸಾವಿರಕ್ಕೆ ಸುಮಾರು ಅರ್ಧ ಗಂಟೆ. ಬಸ್ಸಿನ ಡಿಕ್ಕಿಯಲ್ಲಿ ಇಟ್ಟ ಪೆಟ್ಟಿಗೆಗೆ ಅಷ್ಟು ಸಮಯ ಯಾರಿಗಾದರೂ ಸಿಗಬಹುದು. ಒಡವೆಯನ್ನು ಅದರಲ್ಲಿ ಇಡಬೇಡಿ.

ಹೆಜ್ಜೆ 3: ಪಿನ್ ಆರಿಸುವುದು, ನೆನಪಿಡುವುದು

ನಾಲ್ಕೇ ಅಂಕಿ ಯಾಕೆ? ಲಂಡನ್ನಿನ ಉತ್ತರಕ್ಕಿರುವ ಎನ್‌ಫೀಲ್ಡ್‌ನ ಬಾರ್ಕ್ಲೇಸ್ ಬ್ಯಾಂಕಿನಲ್ಲಿ 1967ರ ಜೂನ್‌ನಲ್ಲಿ ನೋಟು ಕೊಡುವ ಯಂತ್ರ ಶುರುವಾಯಿತು. ಅದನ್ನು ರೂಪಿಸಿದ ಜಾನ್ ಶೆಫರ್ಡ್ ಬ್ಯಾರನ್ ಹುಟ್ಟಿದ್ದು ನಮ್ಮ ಶಿಲ್ಲಾಂಗ್‌ನಲ್ಲಿ. ಅವರಿಗೆ ಆರು ಅಂಕಿಯ ಆಲೋಚನೆ ಇತ್ತಂತೆ. ಅಡುಗೆಮನೆಯಲ್ಲಿ ಹೆಂಡತಿಯನ್ನು ಕೇಳಿದರೆ, ನನಗೆ ನಾಲ್ಕೇ ನೆನಪಿರುವುದು ಅಂದರಂತೆ. ಅಲ್ಲಿಗೆ ನಾಲ್ಕಾಯಿತು ಅಂತ ಅವರೇ ಹೇಳಿಕೊಂಡಿದ್ದಾರೆ. ಕಾರ್ಡು ಮತ್ತು ಗುಟ್ಟಿನ ಅಂಕಿ ಸೇರಿಸಿ ಬಳಸುವ ಪೇಟೆಂಟ್ ಮಾತ್ರ ಸ್ಕಾಟ್ಲೆಂಡಿನ ಜೇಮ್ಸ್ ಗುಡ್‌ಫೆಲೋ ಅವರದು, 1966ರದು.

ನಾಲ್ಕಂಕಿಗೆ 10,000 ಸಾಧ್ಯತೆ. ಕಂಪ್ಯೂಟರಿಗೆ ಅದು ಕಣ್ಣು ಮಿಟುಕಿಸುವಷ್ಟರ ಕೆಲಸ. ಆದರೂ ಪಿನ್ ನಡೆಯುತ್ತಿದೆ, ಯಾಕೆಂದರೆ ಕೆಲವೇ ಸಲ ತಪ್ಪಿದರೂ ಕಾರ್ಡು ಬಂದ್ ಆಗುತ್ತದೆ. ಮೂರೇ ಅವಕಾಶ ಅಂದುಕೊಂಡರೆ, ಕಣ್ಣು ಮುಚ್ಚಿ ಒತ್ತುವ ಕಳ್ಳನಿಗೆ 10,000ದಲ್ಲಿ 3 ಪಾಲು ಅದೃಷ್ಟ ಬೇಕು. ಚಿಕ್ಕ ಅಂಕಿಯ ಶಕ್ತಿ ಅದರ ಉದ್ದದಿಂದ ಬರುವುದಕ್ಕಿಂತ ಜಾಸ್ತಿ ಈ ಎಣಿಕೆಯಿಂದ ಬರುತ್ತದೆ.

ಆದರೆ ಕಳ್ಳ ಕಣ್ಣು ಮುಚ್ಚಿ ಒತ್ತುವುದಿಲ್ಲ. ಸೋರಿಹೋಗಿದ್ದ ಗುಟ್ಟಿನ ಪದಗಳಲ್ಲಿ ನಾಲ್ಕಂಕಿಯವನ್ನು ಹೆಕ್ಕಿ 2012ರಲ್ಲಿ ಒಂದು ಲೆಕ್ಕ ಪ್ರಕಟವಾಯಿತು. ಅದರಲ್ಲಿ ಹತ್ತರಲ್ಲಿ ಒಂದಕ್ಕಿಂತ ಜಾಸ್ತಿ 1234 ಇತ್ತು. ಆಮೇಲೆ 1111, ಅದರ ಹಿಂದೆ 0000. ಹುಟ್ಟಿದ ವರ್ಷ ಇಟ್ಟರೆ 10,000 ಸಾಧ್ಯತೆ ನೂರಕ್ಕೆ ಇಳಿಯಿತು. ನಿಮ್ಮ ವಯಸ್ಸು ಮುಖ ನೋಡಿ ಅಂದಾಜು ಮಾಡಿದರೆ ಹತ್ತಕ್ಕೆ ಇಳಿಯಿತು.

ಹಾಗಾದರೆ ಹೀಗೆ ಮಾಡಿ. ಹತ್ತು ಚೀಟಿಯಲ್ಲಿ 0ಯಿಂದ 9ರವರೆಗೆ ಬರೆದು ಡಬ್ಬಿಗೆ ಹಾಕಿ. ಕುಲುಕಿ ಒಂದು ಎತ್ತಿ, ಬರೆದುಕೊಳ್ಳಿ, ಚೀಟಿಯನ್ನು ವಾಪಸ್ ಹಾಕಿ. ನಾಲ್ಕು ಸಲ ಮಾಡಿ. ಯುಪಿಐಗೆ ಆರಂಕಿಯ ಅವಕಾಶ ಇದ್ದರೆ ಆರು ಸಲ ಮಾಡಿ. ಚೀಟಿ ವಾಪಸ್ ಹಾಕುವುದು ಮುಖ್ಯ, ಒಂದೇ ಅಂಕಿ ಎರಡು ಸಲ ಬರುವ ಅವಕಾಶ ಇರಬೇಕು.

ಬಂದದ್ದು 7305 ಅಂತಿರಲಿ. ಈಗ ಕಟಪಯಾದಿ ತೆಗೆಯಿರಿ. 7ಕ್ಕೆ ಸ, 3ಕ್ಕೆ ಗ, 0ಗೆ ನ, 5ಕ್ಕೆ ಮ. ಪ್ರತಿ ಪದದ ಮೊದಲ ಅಕ್ಷರ ಅದಾಗುವಂತೆ ಒಂದು ವಾಕ್ಯ ಕಟ್ಟಿ: ‘ಸಂತೆಗೆ ಗಾಡಿ ನಾಳೆ ಮುಂಜಾನೆ.’ ಅಂಕಿ ಮರೆತರೂ ಈ ವಾಕ್ಯ ಮರೆಯುವುದಿಲ್ಲ. ಅಂಕಿ ಬರೆದ ಚೀಟಿ ಹರಿದು ಹಾಕಿ. ಊರ ಹೆಸರನ್ನೇ ನೇರವಾಗಿ ಪಿನ್ ಮಾಡಿಕೊಳ್ಳಬೇಡಿ. ಊರುಗಳ ಪಟ್ಟಿ ಚಿಕ್ಕದು, ನಿಮ್ಮ ಊರು ಯಾವುದು ಅಂತ ಊರಿಗೇ ಗೊತ್ತು. ಮತ್ತೆ, ಇಲ್ಲಿ ಅಚ್ಚಾಗಿರುವ 7305 ಕೂಡ ಬೇಡ.

ಮನೆ ಬಾಗಿಲಿನ ಗುಂಡಿ ಬೀಗ, ಮೊಬೈಲ್ ಪರದೆ ಇವಕ್ಕೆ ಇನ್ನೊಂದು ವಿಚಾರ ಇದೆ. ಬೆರಳ ಜಿಡ್ಡು, ಸವೆದ ಗುಂಡಿ ನೋಡಿದರೆ ಯಾವ ಅಂಕಿ ಬಳಸುತ್ತೀರಿ ಅಂತ ಗೊತ್ತಾಗುತ್ತದೆ. ನಾಲ್ಕು ಗುಂಡಿ ಸವೆದಿದ್ದರೆ ಜೋಡಿಸುವ ರೀತಿ 24 ಮಾತ್ರ. ಮೂರೇ ಗುಂಡಿ ಸವೆದು ಒಂದು ಅಂಕಿ ಎರಡು ಸಲ ಬಂದಿದ್ದರೆ 36. ಕಡಿಮೆ ಅಂಕಿ ಬಳಸಿದರೂ ಕಷ್ಟ ಜಾಸ್ತಿ! ಗುಂಡಿ ಬೀಗಕ್ಕೆ ಒಂದು ಅಂಕಿ ಮರುಕಳಿಸುವ ಸಂಖ್ಯೆ ಇಡಿ, ಆಗಾಗ ಗುಂಡಿ ಒರೆಸಿ.

ಹೆಜ್ಜೆ 4: ಒಟಿಪಿ ಹೇಗೆ ಹುಟ್ಟುತ್ತದೆ ಅಂತ ತಿಳಿದುಕೊಳ್ಳಿ

ಎಸ್‌ಎಂಎಸ್‌ನಲ್ಲಿ ಬರುವ ಒಟಿಪಿಯನ್ನು ಬ್ಯಾಂಕಿನ ಕಂಪ್ಯೂಟರ್ ಆಗಲೇ ಹುಟ್ಟಿಸಿ ಕಳಿಸುತ್ತದೆ. ಫೋನಿನಲ್ಲೇ ಒಟಿಪಿ ಹುಟ್ಟಿಸುವ ಅಥೆಂಟಿಕೇಟರ್ ಆ್ಯಪ್ ಬೇರೆ ಥರ. ಅದಕ್ಕೆ ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ. ಮೊದಲ ಸಲ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಒಂದು ಉದ್ದದ ಕೀಲಿ ನಿಮ್ಮ ಫೋನಿಗೆ ಇಳಿಯುತ್ತದೆ. ಅದೇ ಕೀಲಿ ಆ ಕಡೆಯ ಕಂಪ್ಯೂಟರಿನಲ್ಲೂ ಇರುತ್ತದೆ. 1970ರ ಜನವರಿ 1ರಿಂದ ಇಲ್ಲಿಯವರೆಗೆ 30 ಸೆಕೆಂಡಿನ ಎಷ್ಟು ತುಂಡು ಕಳೆದವು ಅಂತ ಎರಡೂ ಕಡೆ ಎಣಿಸುತ್ತವೆ. ಆ ಎಣಿಕೆಯನ್ನು ಕೀಲಿಯ ಜೊತೆ ಬೆರೆಸಿ ಅರೆದು, ಬಂದ ದೊಡ್ಡ ಸಂಖ್ಯೆಯಿಂದ ಕೊನೆಗೆ ಆರಂಕಿ ಉಳಿಸಿಕೊಳ್ಳುತ್ತವೆ. ಎರಡೂ ಕಡೆ ಲೆಕ್ಕ ಒಂದೇ ಆದ್ದರಿಂದ ಉತ್ತರವೂ ಒಂದೇ. ಈ ವಿಧಾನ 2011ರಿಂದ ಬಹಿರಂಗ ಮಾನದಂಡ, ಯಾರು ಬೇಕಾದರೂ ಓದಬಹುದು. ಕೆರ್ಕಾಫ್ಸ್ ಹೇಳಿದ್ದು ಇದನ್ನೇ ಅಲ್ವಾ? ಲೆಕ್ಕದ ರೀತಿ ಜಗತ್ತಿಗೆ ಗೊತ್ತು, ಕೀಲಿ ಇಬ್ಬರಿಗೆ ಮಾತ್ರ.

ಇಷ್ಟು ಗಟ್ಟಿಯಾದ ಲೆಕ್ಕವನ್ನು ಕಳ್ಳ ಒಡೆಯಲು ಹೋಗುವುದಿಲ್ಲ. ಫೋನ್ ಮಾಡಿ ಕೇಳುತ್ತಾನೆ. ಹಾಗಾಗಿ ಈ ಹೆಜ್ಜೆಯಲ್ಲಿ ಮಾಡಬೇಕಾದ್ದು ಚಿಕ್ಕದು, ಆದರೆ ಮನೆಮಂದಿಗೆಲ್ಲ ಹೇಳಿಕೊಡಬೇಕಾದ್ದು. ಒಟಿಪಿಯನ್ನು ಯಾರಿಗೂ ಓದಿ ಹೇಳಬೇಡಿ, ಬ್ಯಾಂಕಿನವರು ಅಂದರೂ. ನಿಮಗೆ ದುಡ್ಡು ಬರುವುದಕ್ಕೆ ಯುಪಿಐ ಪಿನ್ ಬೇಕಿಲ್ಲ. ದುಡ್ಡು ಬರುತ್ತದೆ ಅಂತ ಹೇಳಿ ಪಿನ್ ಕೇಳಿದರೆ ದುಡ್ಡು ಹೋಗುತ್ತಿದೆ ಅಂತಲೇ ಅರ್ಥ. ‘*401* ಹಾಕಿ ಈ ನಂಬರಿಗೆ ಡಯಲ್ ಮಾಡಿ’ ಅಂತ ಯಾರಾದರೂ ಹೇಳಿದರೆ ಕೂಡಲೇ ಇಟ್ಟುಬಿಡಿ. ಅದು ನಿಮಗೆ ಬರುವ ಕರೆಗಳನ್ನು ತಮ್ಮ ಕಡೆ ತಿರುಗಿಸಿಕೊಳ್ಳಲು ವಂಚಕರು ಬಳಸುತ್ತಾ ಬಂದ ಸಂಕೇತ. ದುಡ್ಡು ಹೋಗೇಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಯಲ್ಲಿ ದೂರು ಕೊಟ್ಟರೆ ಹಣವನ್ನು ದಾರಿಯಲ್ಲೇ ತಡೆಯುವ ಅವಕಾಶ ಹೆಚ್ಚು.

ಹೆಜ್ಜೆ 5: ಕನ್ನಡ ವಾಕ್ಯವನ್ನು ಅಂಕಿ ಮಾಡಿ

ಈಗ ಬಚ್ಚಿಡುವ ಕೆಲಸ. ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ 2,100 ವರ್ಷಕ್ಕೂ ಹಿಂದೆ ಅಕ್ಷರಗಳನ್ನು ಚೌಕದಲ್ಲಿ ಜೋಡಿಸಿ, ಸಾಲಿನ ನಂಬರು ಮತ್ತು ಕಂಬದ ನಂಬರನ್ನು ಪಂಜಿನಿಂದ ತೋರಿಸುವ ಬಗೆ ಬರೆದಿಟ್ಟ. ವಿಯೆಟ್ನಾಂ ಯುದ್ಧದಲ್ಲಿ ಹನೋಯ್ ಜೈಲಿನಲ್ಲಿದ್ದ ಅಮೆರಿಕದ ಸೈನಿಕರು 1965ರಿಂದ ಅಂಥದೇ ಚೌಕ ಮನಸ್ಸಿನಲ್ಲಿಟ್ಟುಕೊಂಡು ಗೋಡೆ ತಟ್ಟಿ ಮಾತಾಡಿದರು.

ನಮ್ಮ ವರ್ಣಮಾಲೆ ಹುಟ್ಟುತ್ತಲೇ ಸಾಲಾಗಿ ನಿಂತಿದೆ, ಚೌಕಕ್ಕೆ ಹೇಳಿ ಮಾಡಿಸಿದ ಹಾಗೆ. ಒಂಬತ್ತು ಸಾಲು ಬರೆಯಿರಿ:

1: ಅ ಆ ಇ ಈ ಉ ಊ ಋ
2: ಎ ಏ ಐ ಒ ಓ ಔ ಂ ಃ
3: ಕ್ ಖ್ ಗ್ ಘ್ ಙ್
4: ಚ್ ಛ್ ಜ್ ಝ್ ಞ್
5: ಟ್ ಠ್ ಡ್ ಢ್ ಣ್
6: ತ್ ಥ್ ದ್ ಧ್ ನ್
7: ಪ್ ಫ್ ಬ್ ಭ್ ಮ್
8: ಯ್ ರ್ ಲ್ ವ್
9: ಶ್ ಷ್ ಸ್ ಹ್ ಳ್

ಸಾಲಿನ ನಂಬರು ಮೊದಲು, ಆ ಸಾಲಿನಲ್ಲಿ ಎಷ್ಟನೆಯದು ಅನ್ನುವುದು ಆಮೇಲೆ. ಪದವನ್ನು ವ್ಯಂಜನ, ಸ್ವರ ಬಿಡಿಸಿ ಬರೆಯಬೇಕು. ಮನೆ ಅಂದರೆ ಮ್, ಅ, ನ್, ಎ: 75 11 65 21. ಕೆರೆ: 31 21 82 21. ಸಂಜೆ: 93 11 27 43 21. ಒತ್ತಕ್ಷರಕ್ಕೆ ಬೇರೆ ನಿಯಮವೇ ಬೇಡ, ಅಕ್ಕ ಅಂದರೆ 11 31 31 11.

ಸದ್ದಿಗೊಂದು ಅಂಕಿ ಅನ್ನುವ ಈ ಆಲೋಚನೆ ಕನ್ನಡಕ್ಕೆ ಹೊಸದಲ್ಲ. ಕುಮುದೇಂದು ಮುನಿಯ ಸಿರಿಭೂವಲಯ ಎಂಬ ಕಾವ್ಯ ಪೂರ್ತಿ ಅಂಕಿಯಲ್ಲೇ ಇದೆ. 27 ಸ್ವರ, 33 ವ್ಯಂಜನ, 4 ಯೋಗವಾಹ (ಅನುಸ್ವಾರ, ವಿಸರ್ಗದಂಥವು) ಸೇರಿ 64 ಸದ್ದು, ಅವಕ್ಕೆ 1ರಿಂದ 64. ಆ ಅಂಕಿಗಳನ್ನು 27 ಸಾಲು, 27 ಕಂಬದ ಚಕ್ರದಲ್ಲಿ ತುಂಬಿದ್ದಾರೆ. ಒಂದು ಚಕ್ರಕ್ಕೆ 729 ಮನೆ. ಯಾವ ಮನೆಯಿಂದ ಯಾವ ಮನೆಗೆ ಹೋಗಬೇಕು ಅನ್ನುವ ಬಂಧ ಗೊತ್ತಿದ್ದರೆ ಮಾತ್ರ ಪದ್ಯ ಹೊರಬರುತ್ತದೆ. ಅಂದರೆ ಅಲ್ಲಿ ಎರಡು ಮರೆ: ಅಕ್ಷರದ ಬದಲು ಅಂಕಿ ಒಂದು, ಅಂಕಿಗಳ ಜಾಗ ಕದಲಿಸಿದ್ದು ಇನ್ನೊಂದು.

ಹೆಜ್ಜೆ 6: ನಿಮ್ಮದನ್ನು ನೀವೇ ಒಡೆಯಿರಿ

ಮೇಲಿನ ಪಟ್ಟಿ ವರ್ಣಮಾಲೆಯ ಕ್ರಮದಲ್ಲೇ ಇದೆ, ಯಾರಾದರೂ ಊಹಿಸಬಹುದು. ಅಂಕಿಗಳನ್ನು ಚೆಲ್ಲಾಪಿಲ್ಲಿ ಹಂಚಿಬಿಟ್ಟರೆ ಸಾಕಲ್ಲ ಅಂತ ಅನಿಸುತ್ತದೆ. ಸಾಲದು. 9ನೇ ಶತಮಾನದಲ್ಲಿ ಬಾಗ್ದಾದಿನ ವಿದ್ವಾಂಸ ಅಲ್ ಕಿಂದಿ ದಾರಿ ತೋರಿಸಿಟ್ಟಿದ್ದಾನೆ: ಯಾವ ಗುರುತು ಎಷ್ಟು ಸಲ ಬಂತು ಅಂತ ಎಣಿಸು.

ಕನ್ನಡದಲ್ಲಿ ಎಣಿಸಿದರೆ ಅ ಎಲ್ಲಕ್ಕಿಂತ ಮುಂದೆ. ಅದು ಮೊದಲು ಸಿಗುತ್ತದೆ. ನಮ್ಮ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ. ಹಾಗಾಗಿ ಪದದ ಕೊನೆಯ ಜೋಡಿಗಳನ್ನು ಬೇರೆ ಬರೆದುಕೊಂಡರೆ ಸ್ವರಗಳ ಪಟ್ಟಿಯೇ ತಯಾರು. ಒಂದೇ ಜೋಡಿ ಎರಡು ಸಲ ಒಟ್ಟಿಗೆ ಬಂದರೆ ಅದು ಒತ್ತಕ್ಷರ: ಲ್ಲ, ತ್ತ, ದ್ದ, ಕ್ಕ.

ಇನ್ನೂ ಒಂದು ಬಿರುಕು ನಮ್ಮ ಭಾಷೆಯಲ್ಲೇ ಇದೆ. ಪಟ್ಟಿಯನ್ನು ಹೇಗೇ ಕಲಸಿರಲಿ, ಒಂದು ಪತ್ರದಲ್ಲಿ 47 20 20 88 ಅಂತ ಒಂದು ಪದ, 88 20 20 47 ಅಂತ ಇನ್ನೊಂದು ಪದ ಕಂಡಿತು ಅಂತಿಟ್ಟುಕೊಳ್ಳಿ. ಹಿಂದುಮುಂದಾದ ಜೋಡಿ. ಮೊದಲು ಹೊಳೆಯಬೇಕಾದ ಉತ್ತರ ‘ಅಲ್ಲಿ’ ಮತ್ತು ‘ಇಲ್ಲ’. ಎರಡರಲ್ಲಿ ಯಾವುದು ಯಾವುದು? 47 ಪತ್ರದ ತುಂಬ ಬಂದಿದ್ದರೆ ಅದು ಅ. ಒಂದೇಟಿಗೆ ಅ, ಇ, ಲ್ ಮೂರೂ ಸಿಕ್ಕವು. ಮಿಕ್ಕದ್ದು ಪದಬಂಧ ತುಂಬಿದ ಹಾಗೆ ಬಿಚ್ಚಿಕೊಳ್ಳುತ್ತದೆ.

ಅದಕ್ಕೇ ಮೊದಲು ಮಾಡಬೇಕಾದ್ದು, ಪದಗಳ ನಡುವಿನ ಜಾಗ ತೆಗೆದು ಅಂಕಿಗಳನ್ನು ಐದೈದರ ಗುಂಪಾಗಿ ಬರೆಯುವುದು. ಎರಡನೇ ಮಹಾಯುದ್ಧದ ಬೇಹುಗಾರರೂ, ಆಮೇಲೆ ರೇಡಿಯೋದಲ್ಲಿ ಬರೀ ಅಂಕಿ ಓದುತ್ತಿದ್ದ ನಿಲ್ದಾಣಗಳೂ ಹೀಗೇ ಐದೈದು ಅಂಕಿ ಕಳಿಸುತ್ತಿದ್ದವು. ಆದರೆ ಅಷ್ಟಕ್ಕೇ ಎಣಿಕೆಯ ದಾಳಿ ನಿಲ್ಲುವುದಿಲ್ಲ. ಕೀಲಿ ಬೇಕು.

ಹೆಜ್ಜೆ 7: ಕೀಲಿ ಕೂಡಿಸಿ

ಲೆಕ್ಕ ಸುಲಭ. ಮಾತಿನ ಅಂಕಿಯ ಕೆಳಗೆ ಕೀಲಿಯ ಅಂಕಿ ಬರೆದು ಒಂದೊಂದಾಗಿ ಕೂಡಿಸಿ. ದಶಕ ಬಂದರೆ ಮುಂದಕ್ಕೆ ಒಯ್ಯಬೇಡಿ, ಬಿಟ್ಟುಬಿಡಿ. 7ಕ್ಕೆ 5 ಕೂಡಿದರೆ 12, ಬರೆಯಬೇಕಾದ್ದು 2.

ಮಾತು ‘ಕೆರೆ’: 3 1 2 1 8 2 2 1
ಕೀಲಿ: 4 7 0 9 2 6 5 3
ಕಳಿಸುವುದು: 7 8 2 0 0 8 7 4

ಓದುವವರು ಕೀಲಿಯನ್ನು ಕಳೆಯಬೇಕು. ಸಾಲದೆ ಬಂದರೆ 10 ಸೇರಿಸಿಕೊಂಡು ಕಳೆಯಬೇಕು: 0ಯಿಂದ 9 ಹೋಗದು, 10ರಿಂದ 9 ಹೋದರೆ 1. ಮೊದಲು ‘ಎ’ ಎರಡು ಸಲವೂ 21 ಆಗಿತ್ತು. ಈಗ ಒಂದು ಕಡೆ 20, ಇನ್ನೊಂದು ಕಡೆ 74. ಎಣಿಸಿ ಏನು ಮಾಡುತ್ತೀರಿ?

ಕೀಲಿಯನ್ನು ಚೀಟಿ ಎತ್ತಿ ಮಾಡಿ, ಮಾತಿನಷ್ಟೇ ಉದ್ದ ಇರಲಿ, ಇಬ್ಬರ ಹತ್ತಿರ ಮಾತ್ರ ಇರಲಿ, ಒಂದು ಸಲ ಬಳಸಿದ ಮೇಲೆ ಸುಟ್ಟುಹಾಕಿ. ಈ ನಾಲ್ಕೂ ಪಾಲಿಸಿದರೆ ಯಾವ ಕಂಪ್ಯೂಟರಿಗೂ ಇದು ಒಡೆಯುವುದಿಲ್ಲ. ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ 1949ರಲ್ಲಿ ಅದನ್ನು ಗಣಿತದಿಂದಲೇ ಸಾಬೀತು ಮಾಡಿ ಪ್ರಕಟಿಸಿದ. ಕಾರಣ ಸರಳ: 78200874ಕ್ಕೆ ಬೇರೆ ಕೀಲಿ ಹಿಡಿದರೆ ‘ಮನೆ’ಯೂ ಬರುತ್ತದೆ, ಅಷ್ಟೇ ಉದ್ದದ ಇನ್ನಾವ ಪದವೂ ಬರುತ್ತದೆ. ಯಾವುದು ನಿಜ ಅಂತ ತಿಳಿಯಲು ಕಳ್ಳನಿಗೆ ಆಧಾರವೇ ಇಲ್ಲ.

ಅದೇ ಕೀಲಿಯನ್ನು ಎರಡನೇ ಸಲ ಬಳಸಿದಿರೋ, ಕೆಟ್ಟಿತು. ಒಂದು ಪತ್ರದಿಂದ ಇನ್ನೊಂದನ್ನು ಕಳೆದರೆ ಕೀಲಿ ಮಾಯವಾಗಿ ಎರಡು ಮಾತಿನ ವ್ಯತ್ಯಾಸ ಮಾತ್ರ ಉಳಿಯುತ್ತದೆ. ಅದರಿಂದ ಎರಡನ್ನೂ ಬಿಡಿಸಬಹುದು. ಎರಡನೇ ಮಹಾಯುದ್ಧದ ಒತ್ತಡದಲ್ಲಿ ಸೋವಿಯತ್ ಒಕ್ಕೂಟದಲ್ಲಿ ಕೀಲಿಯ ಕೆಲವು ಹಾಳೆಗಳು ಎರಡೆರಡು ಸಲ ಅಚ್ಚಾದವು. ಅಮೆರಿಕದ ಸಂಕೇತತಜ್ಞರು 1943ರಲ್ಲಿ ವೆನೋನಾ ಎಂಬ ಕೆಲಸ ಶುರುಮಾಡಿ, ಆ ಮರುಬಳಕೆಯನ್ನು ಹಿಡಿದು, ದಶಕಗಳ ಕಾಲ ಆ ಪತ್ರಗಳಲ್ಲಿ ಕೆಲವನ್ನು ಒಂದೊಂದಾಗಿ ಓದಿದರು.

ಮಕ್ಕಳ ನಿಧಿ ಹುಡುಕಾಟಕ್ಕೆ ಇಷ್ಟು ಕಟ್ಟುನಿಟ್ಟು ಬೇಡ. ಊರ ಹೆಸರಿನ ಕಟಪಯಾದಿಯನ್ನೇ ಕೀಲಿ ಮಾಡಿ, ಮತ್ತೆ ಮತ್ತೆ ಬರೆಯುತ್ತಾ ಹೋಗಿ. ಒಡೆಯಬಹುದಾದ ಕೀಲಿ, ಆದರೆ ಭಾನುವಾರದ ಮಧ್ಯಾಹ್ನಕ್ಕೆ ಸಾಕು. ಮೊದಲ ಚೀಟಿಯಲ್ಲಿ ಊರಿನ ಒಗಟು, ಎರಡನೆಯದರಲ್ಲಿ ಅಂಕಿಗಳು. ಹೀಗೊಂದು ನಿಮಗೂ ಕೊಡುತ್ತೇನೆ. ಕೀಲಿ, ಪೇಡೆಗೆ ಹೆಸರಾದ ಊರು. ರಾಗದ ಹಾಗೆ ತಿರುಗಿಸಬೇಡಿ, ನೇರವಾಗಿ ಓದಿ ನಾಲ್ಕಂಕಿ ತೆಗೆಯಿರಿ. ಪಟ್ಟಿ ಐದನೇ ಹೆಜ್ಜೆಯದೇ. ಕೀಲಿ ಕಳೆದ ಮೇಲೆ ಅಂಕಿಗಳನ್ನು ಎರಡೆರಡಾಗಿ ವಿಂಗಡಿಸಿ. ಮೂರು ಪದ ಸಿಗಬೇಕು.

65557 65686 54530 40525 03081 79607